ಇಳಿತದ ಪಟ್ಟಿ

ಬಲ್ಲಾರ್ಡ್ ಎಸ್ಟೇಟಿನ ಹಡಗು ಏಜೆನ್ಸಿಯಲ್ಲಿ
ಮೂವತ್ತೊಂದು ವರ್ಷ
ದಿನಾ ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
ಉಬ್ಬರ ಇಷ್ಟು ಗಂಟೆಗೆ, ಇಳಿತ ಇಷ್ಟಕ್ಕೆ
ಎಂದು ಬರೆದವನು ನಾನು.
ಒಮ್ಮೆಯೂ ಸುಳ್ಳಾಗಲಿಲ್ಲ.
ನನ್ನ ಜಾಣತನವೇನಲ್ಲ, ಚಂದ್ರನ ನಿಯತ್ತು.

ಈಗ ಒಂಬತ್ತೂಕಾಲಕ್ಕೆ
ವಡಾಲಾದ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ
ಮೊಬೈಲನ್ನು ಪೇಪರಿನೊಳಗಿಟ್ಟು ನೋಡುತ್ತೇನೆ,
ಪಾಠದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟ ಹುಡುಗನ ಹಾಗೆ.
ಕೆಂಪು. ನಿನ್ನೆಯೂ ಕೆಂಪು.
ಅಡುಗೆಮನೆಯಿಂದ ಜಲಜೆ:
"ಎಷ್ಟು ಹೋಯ್ತು?"
"ಏನು?"
"ಪುಟ ತಿರುವದೆ ಇಪ್ಪತ್ತು ನಿಮಿಷ ಆಯ್ತು."

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು
ಅನ್ನುತ್ತಿದ್ದಳು ಅಂಕೋಲೆಯ ನನ್ನಜ್ಜಿ,
ಬದುಕಿಡೀ ಕೂತದ್ದೇ ಕಾಣದ ಹೆಂಗಸು.
ಕುಡಿಕೆಯೇ ಕರಗೀತೆಂದು ಅವಳಿಗೂ ಹೊಳೆದಿರಲಿಲ್ಲ.

ಕಂಪನಿ ಮುಚ್ಚಿದಾಗ ಕೈಗೆ ಬಂದದ್ದನ್ನು
ಎಫ್‌ಡಿಯಲ್ಲೇ ಇಡಿ ಅಂದಿದ್ದಳು ಜಲಜೆ.
ಬ್ಯಾಂಕಿನ ಹುಡುಗಿ ಗ್ರಾಫು ತೋರಿಸಿದಳು:
ಬಲಕ್ಕೆ ಹೋದಂತೆ ಏರುವ ಗುಡ್ಡ.
ಆ ಗುಡ್ಡದ ನೆತ್ತಿಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ ನೋಡಿದೆ.
ಸಹಿ ನನ್ನದೇ.

ಲೆಕ್ಕ ಸಣ್ಣದು.
ತಿಂಗಳ ಏಳಕ್ಕೆ ಫಂಡಿನಿಂದ ಮೂವತ್ತೆರಡು ಸಾವಿರ
ಖಾತೆಗೆ ಬಂದು ಬೀಳಬೇಕು.
ಕಳೆದ ದೀಪಾವಳಿಯಲ್ಲಿ ಅದಕ್ಕೆ ನಾನೂರು ಯೂನಿಟ್ಟು ಸಾಕಿತ್ತು,
ಈ ತಿಂಗಳು ಐನೂರ ಹನ್ನೆರಡು.
ಅಕ್ಕಿ ಅಷ್ಟೇ, ಮಾತ್ರೆ ಅಷ್ಟೇ, ಸೊಸೈಟಿಯ ಮೇಂಟೆನೆನ್ಸೂ ಅಷ್ಟೇ,
ಕಣಜದ ತೂತು ಮಾತ್ರ ದೊಡ್ಡದು.

ಕೆಳಗಿನ ಮನೆಯ ಹೇಮಲ್, ಇಪ್ಪತ್ತೇಳರ ಹುಡುಗ,
ಮೆಟ್ಟಿಲಲ್ಲಿ ಸಿಕ್ಕಿ ಹಲ್ಲು ಬಿಟ್ಟ:
"ಅಂಕಲ್, ಸೇಲ್ ಲಗಾ ಹೈ! ಡಬಲ್ ಹಾಕಿಬಿಟ್ಟೆ."
ಹೌದಪ್ಪಾ. ಕೊಳ್ಳುವವನಿಗೆ ಸಂತೆ.
ನಾನು ಬುಟ್ಟಿ ಇಟ್ಟುಕೊಂಡು ಸಂತೆಯ ಆಚೆ ಬದಿಗೆ ಕೂತವನು,
ಕತ್ತಲಾಗುವ ಮೊದಲು ಮಾರಲೇಬೇಕಾದವನು.

ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ.
ತಟ್ಟೆಯ ಸುರಮಯಿ ಬಂಗಡೆಯಾಯಿತು,
ಬಂಗಡೆ ತಾರಲೆಯಾಯಿತು.
"ಹೃದಯಕ್ಕೆ ಒಳ್ಳೇದಂತೆ" ಅಂದಳು.
ಅವಳ ಮೊಣಕಾಲಿನ ಆಪರೇಶನ್ನು
ಸಂಕ್ರಾಂತಿಗೆ ಅಂತಿದ್ದದ್ದು ಯುಗಾದಿಗೆ ಸರಿಯಿತು,
ಯುಗಾದಿ ಕಳೆದು "ಮಳೆ ಮುಗೀಲಿ" ಆಯಿತು.
"ಈ ಕಾಲಿಗೇನು, ಇನ್ನೂ ನನ್ನ ಮಾತು ಕೇಳತ್ತೆ."
ರಾತ್ರಿ ಅದು ಕೇಳುವುದಿಲ್ಲವೆಂದು
ಗೋಡೆಯ ಕಡೆ ತಿರುಗಿ ಮಲಗಿದ ನನಗೆ ಗೊತ್ತು.

ಸೋಮವಾರ ಒಂದೇ ದಿನ ಬಹಳ ಬಿತ್ತು.
ಟಿವಿಯಲ್ಲಿ ಟೈ ಕಟ್ಟಿದವರು
ಮನೆಗೆ ಬೆಂಕಿ ಬಿದ್ದಂತೆ ಕೂಗುತ್ತಿದ್ದರು.
ನಾನು ಚಪ್ಪಲಿ ಮೆಟ್ಟಿ ಶಿವಡಿಯ ಜೆಟ್ಟಿಗೆ ಹೋದೆ.
ನೀರು ಹಿಂದೆ ಸರಿದಿತ್ತು. ಕಣ್ಣು ಹರಿಯುವಷ್ಟೂ ಕೆಸರು.
ತುಕ್ಕು ಹಿಡಿದ ಬಾರ್ಜೊಂದು ಓರೆಯಾಗಿ ಕೂತಿತ್ತು.
ಕೆಸರಿನ ತುಂಬ ಫ್ಲೆಮಿಂಗೋಗಳು
ತಲೆ ಕೆಳಗು ಮಾಡಿ ತಿನ್ನುತ್ತಿದ್ದವು,
ನೀರು ಹೋದದ್ದೇ ಊಟದ ಗಂಟೆ ಎಂಬಂತೆ.

ಎಷ್ಟು ಚಂದದ ಉಪಮೆ!
ಮನೆಗೊಯ್ದು ಜಲಜೆಗೆ ಕೊಡೋಣವೆಂದುಕೊಂಡೆ.
ಅರ್ಧ ದಾರಿಯಲ್ಲೇ ಅದು ಕೈಜಾರಿತು:
ಆರು ಗಂಟೆಯಲ್ಲಿ ನೀರು ಮರಳುವುದು ಆ ಹಕ್ಕಿಗಳಿಗೆ ಗೊತ್ತು.
ನನ್ನ ಈ ಸಮುದ್ರಕ್ಕೆ ಚಂದ್ರನಿಲ್ಲ.
ಬಂದೇ ಬರುತ್ತದೆ ಅನ್ನುತ್ತಾರೆ ಎಲ್ಲರೂ. ಬಂದೀತು.
ಎಪ್ಪತ್ತೊಂದರ ನಾನು ದಂಡೆಯಲ್ಲಿ ಎಷ್ಟು ಹೊತ್ತು ನಿಂತೇನು
ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ.

ಹಳೇ ಡೈರಿ ತೆಗೆದೆ. ಅಭ್ಯಾಸಬಲ.
ಇಳಿತ: ತಾರೀಖು, ಅಂಕಿ. ಪೆನ್ಸಿಲಿನಲ್ಲಿ ಬರೆದೆ.
ಉಬ್ಬರದ ಕಾಲಮ್ಮಿಗೆ
ಗೆರೆ ಮಾತ್ರ ನೀಟಾಗಿ ಎಳೆದು ಬಿಟ್ಟೆ.

ಆಗ ಕೇಳಿತು ಮೆಟ್ಟಿಲ ಮೇಲೆ
ಅವಳ ಚಪ್ಪಲಿ: ಒಂದು, ತಡೆದು, ಇನ್ನೊಂದು.
ಹದಿನಾರನೆಯದಕ್ಕೆ ನಿಂತಿತು.
ಚೀಲದಲ್ಲಿ ಹಾಲು, ಬಸಳೆ, ಬಹುಶಃ ತಾರಲೆ.
ಪೆನ್ಸಿಲು ಕೆಳಗಿಟ್ಟು
ಕಂಬಿ ಹಿಡಿದು
ನಾನು ಇಳಿದೆ.